ಆರಿಸಿದ ಮೇಲೆ

ತಂಡದಲ್ಲಿ ಒಂದೇ ಜಾಗ ಉಳಿದಿದೆ ಅಂದುಕೊಳ್ಳಿ. ಒಂದು ಕಡೆ ಹತ್ತೊಂಬತ್ತರ ಹುಡುಗ. ನೋಡಿದವರೆಲ್ಲ ಇವನು ಬೆಳೆಯುತ್ತಾನೆ ಎನ್ನುತ್ತಾರೆ, ಆದರೆ ದೊಡ್ಡವರ ಪಂದ್ಯವನ್ನು ಅವನು ಇನ್ನೂ ಆಡಿಲ್ಲ. ಇನ್ನೊಂದು ಕಡೆ ಹತ್ತು ವರ್ಷ ಆಡಿ ಹೆಸರು ಮಾಡಿದವನು. ಯಾರನ್ನು ತೆಗೆದುಕೊಳ್ಳಬೇಕು? ಶಹಾಬಾದಿನಲ್ಲಿ, ವಾಡಿಯಲ್ಲಿ ಸಂಜೆ ಹೊತ್ತು ತಂಡ ಕಟ್ಟುವ ಹುಡುಗರ ನಡುವೆಯೂ ಈ ತಕರಾರು ಇದ್ದದ್ದೇ. "ಹೊಸಾ ಹುಡುಗಗ ಒಂದು ಚಾನ್ಸ್ ಕೊಡ್ರಿ" ಅಂತ ಒಬ್ಬ, "ಇವತ್ತಿನ ಮ್ಯಾಚ್ ಯಾರು ಗೆಲ್ಲಸಬೇಕು ಮತ್ತ?" ಅಂತ ಇನ್ನೊಬ್ಬ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ ಈ ಪ್ರಶ್ನೆಯನ್ನು ಪ್ರತಿ ವರ್ಷ ಎದುರಿಸುತ್ತದೆ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಅಲ್ಲಿ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ ಸಿಗುವ ಸಂಭವ ಹೆಚ್ಚು. 2014ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಮೊದಲ ಸರದಿಯಲ್ಲೇ ಆಂಡ್ರ್ಯೂ ವಿಗಿನ್ಸ್ ಎಂಬ ಹುಡುಗನನ್ನು ಆರಿಸಿತು. ಅವನು ಅವರ ಪರ ಒಂದು ಲೀಗ್ ಪಂದ್ಯ ಆಡುವ ಮೊದಲೇ ಅವನನ್ನು ಮಿನ್ನೆಸೋಟಕ್ಕೆ ಬಿಟ್ಟುಕೊಟ್ಟು, ಆಗಲೇ ತಾರೆಯಾಗಿದ್ದ ಕೆವಿನ್ ಲವ್‌ನನ್ನು ತಂದಿತು. ಲವ್ ಇದ್ದ ಕ್ಲೀವ್‌ಲ್ಯಾಂಡ್ 2016ರಲ್ಲಿ ಚಾಂಪಿಯನ್ ಆಯಿತು. ವಿಗಿನ್ಸ್ 2022ರಲ್ಲಿ ಗೋಲ್ಡನ್ ಸ್ಟೇಟ್ ತಂಡದೊಂದಿಗೆ ಚಾಂಪಿಯನ್ ಆದ. ಯಾರ ಲೆಕ್ಕ ತಪ್ಪಿತು ಅಂತ ಕೇಳಿದರೆ ಹೇಳುವುದು ಕಷ್ಟ.

ನಮ್ಮ ದೇಶದಲ್ಲೂ ಇಂಥದೊಂದು ಡ್ರಾಫ್ಟ್ ನಡೆದಿತ್ತು. 2008ರಲ್ಲಿ ಐಪಿಎಲ್ ಶುರುವಾಗುವ ಮುಂಚೆ, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಂಡವು. ಮೊದಲ ಸರದಿ ದೆಹಲಿಯದು. ಆ ವಿಶ್ವಕಪ್ ತಂಡದ ನಾಯಕ ವಿರಾಟ್ ಕೊಹ್ಲಿ ಅದೇ ದೆಹಲಿಯ ಹುಡುಗ. ಆದರೆ ಸೆಹವಾಗ್, ಗಂಭೀರ್ ಇದ್ದ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಿರಲಿಲ್ಲ. ಅವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ತೆಗೆದುಕೊಂಡರು. ಕೊಹ್ಲಿ ಬೆಂಗಳೂರಿಗೆ ಬಂದ.

ಬೆಂಗಳೂರು ತಂಡದ ನಾಯಕ ಆಗ ರಾಹುಲ್ ದ್ರಾವಿಡ್. ಮೊದಲ ವರ್ಷ ತಂಡ ಎಂಟರಲ್ಲಿ ಏಳನೆಯದಾಯಿತು. ದ್ರಾವಿಡ್ 371 ರನ್ ಹೊಡೆದರು. ಕೊಹ್ಲಿ ಹೊಡೆದದ್ದು 165, ಸರಾಸರಿ 15. ಮರುವರ್ಷ 246, ಅದರ ಮುಂದಿನ ವರ್ಷ 307. ಮೂರು ವರ್ಷ ಹೀಗೇ ಹೋಯಿತು. ಆದರೂ 2011ರ ಹರಾಜಿಗೆ ಮುಂಚೆ ಒಬ್ಬನನ್ನು ಮಾತ್ರ ಉಳಿಸಿಕೊಂಡ ಬೆಂಗಳೂರು, ಆ ಒಬ್ಬನನ್ನಾಗಿ ಕೊಹ್ಲಿಯನ್ನು ಆರಿಸಿತು. ಕನ್ನಡ ನೆಲದ ದ್ರಾವಿಡ್ ರಾಜಸ್ಥಾನಕ್ಕೆ ಹೋದರು. ಅಂದು ಇಲ್ಲಿ ಎಷ್ಟೋ ಮಂದಿಗೆ ಮನಸ್ಸು ನೊಂದಿತ್ತು, ನನಗೂ. ನಮ್ಮವರನ್ನು ಬಿಟ್ಟು ಹೊರಗಿನ ಹುಡುಗನನ್ನು ಇಟ್ಟುಕೊಂಡರಲ್ಲ ಎಂಬ ನೋವು ಅದು. ಮುಂದಿನದು ಎಲ್ಲರಿಗೂ ಗೊತ್ತು. ಆ ವರ್ಷವೇ 557 ರನ್, 2016ರಲ್ಲಿ 973. ಕಪ್ ಮಾತ್ರ 2025ರ ಜೂನ್ 3ರಂದು, ಹದಿನೆಂಟನೆಯ ವರ್ಷದಲ್ಲಿ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಹೋದ ದುಃಖವನ್ನು ಆ ಗೆಲುವಿನಿಂದ ಬೇರೆ ಮಾಡಲಾಗದು.

ಹೊಸಬನನ್ನು ಆರಿಸಿದ್ದೇ ಸರಿ ಎಂದು ಹೇಳಲು ಈ ಕಥೆಯನ್ನು ಬಹಳ ಮಂದಿ ಬಳಸುತ್ತಾರೆ. ನನ್ನ ಕಣ್ಣು ಹೋಗುವುದು ಆ ಮೂರು ವರ್ಷಗಳ ಕಡೆಗೆ. ಹದಿನೈದರ ಸರಾಸರಿಯ ಹುಡುಗನನ್ನು ಮನೆಗೆ ಕಳಿಸಲು ಕಾರಣ ಬೇಕಾದಷ್ಟಿದ್ದವು. ಕಳಿಸಲಿಲ್ಲ. ಆರಿಸಿದ್ದು ಒಂದು ದಿನದ ಕೆಲಸ, ಉಳಿಸಿಕೊಂಡದ್ದು ಮೂರು ವರ್ಷದ ಕೆಲಸ.

ಇದನ್ನು ಯೋಚಿಸುವಾಗ ನನಗೆ ನಮ್ಮ ಮಳಖೇಡ ನೆನಪಾಗುತ್ತದೆ. ಸೇಡಂನಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ, ಕಾಗಿಣಾ ನದಿಯ ದಂಡೆಯ ಈ ಊರು ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಉತ್ತರದವರೆಗೆ ದಂಡೆತ್ತಿ ಹೋಗಿ ಗೆದ್ದ ಮೂರನೇ ಗೋವಿಂದ 814ರಲ್ಲಿ ತೀರಿಕೊಂಡಾಗ ಸಿಂಹಾಸನ ಏರಿದ್ದು ಅವನ ಮಗ, ಸುಮಾರು ಹದಿನಾಲ್ಕರ ಹುಡುಗ ಅಮೋಘವರ್ಷ. ಹುಡುಗನ ಬೆನ್ನಿಗೆ ನಿಂತವನು ದಾಯಾದಿ ಅಣ್ಣ ಕರ್ಕ. ಗುಜರಾತಿನ ಲಾಟ ಪ್ರಾಂತ್ಯವನ್ನು ಆಳುತ್ತಿದ್ದ, ಯುದ್ಧ ಕಂಡ ಮನುಷ್ಯ ಅವನು. ಕೆಲವೇ ವರ್ಷಗಳಲ್ಲಿ ಸಾಮಂತರೂ ಬಂಧುಗಳೂ ದಂಗೆ ಎದ್ದರು. ಹುಡುಗನ ಕೈಯಿಂದ ರಾಜ್ಯವೇ ಜಾರಿತು. ಆಗ ಕರ್ಕ ದಂಗೆಯನ್ನು ಅಡಗಿಸಿ ಅಮೋಘವರ್ಷನನ್ನು ಮತ್ತೆ ಸಿಂಹಾಸನದ ಮೇಲೆ ಕೂಡಿಸಿದ. ಕರ್ಕನ 821ರ ಸೂರತ್ ತಾಮ್ರಶಾಸನದಲ್ಲಿ ಈ ಸಂಗತಿ ಬರುತ್ತದೆ.

ಆ ಗಳಿಗೆಯಲ್ಲಿ ಕರ್ಕನ ಕೈಯಲ್ಲಿ ಸೈನ್ಯವಿತ್ತು, ಅನುಭವವಿತ್ತು, ಮೈಯಲ್ಲಿ ಅದೇ ವಂಶದ ರಕ್ತವಿತ್ತು. ಹುಡುಗ ಒಮ್ಮೆ ಸೋತೂ ಆಗಿತ್ತು. ತಾನೇ ಕೂತಿದ್ದರೆ ಅಂದು ಬೇಡ ಎನ್ನಲು ಯಾರಿದ್ದರು? ಅವನು ಕೂಡಲಿಲ್ಲ. ಹಾಗಾಗಿ ಅಮೋಘವರ್ಷ ಸುಮಾರು 64 ವರ್ಷ ಆಳಿದ, ಮಾನ್ಯಖೇಟವನ್ನು ಕಟ್ಟಿದ. ಅವನ ಆಸ್ಥಾನದಲ್ಲಿ ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿತು. ಮುಂದೆ ಕರ್ಕನ ಮನೆತನಕ್ಕೂ ಅಮೋಘವರ್ಷನಿಗೂ ದೀರ್ಘ ಕಾಳಗವೇ ನಡೆಯಿತು ಎಂಬುದನ್ನೂ ಹೇಳಬೇಕು. ಕರ್ಕ ಮಾಡಿದ್ದರ ಬೆಲೆ ನನ್ನ ಲೆಕ್ಕದಲ್ಲಿ ಅದರಿಂದ ಕಡಿಮೆಯಾಗುವುದಿಲ್ಲ.

ಹೊಸಬನೋ ಹಳಬನೋ ಎಂದು ಇಬ್ಬರನ್ನು ಎದುರುಬದುರು ನಿಲ್ಲಿಸುವಾಗ ಹಳಬನಿಗೆ ಇನ್ನೊಂದು ಕೆಲಸವೂ ಇದೆ ಎಂಬುದು ಮರೆತುಹೋಗುತ್ತದೆ. ದ್ರಾವಿಡ್ ಅದನ್ನು ಮರೆಯಲಿಲ್ಲ. 2013ರಲ್ಲಿ ರಾಜಸ್ಥಾನದ ನಾಯಕರಾಗಿದ್ದಾಗ ಹದಿಹರೆಯದ ಸಂಜು ಸ್ಯಾಮ್ಸನ್‌ನನ್ನು ಆಡಿಸಿದರು. 2015ರಿಂದ ಭಾರತ ಎ ಮತ್ತು 19 ವರ್ಷದೊಳಗಿನವರ ತಂಡಗಳಿಗೆ ತರಬೇತಿ ಕೊಟ್ಟರು. ಒಬ್ಬ ಹುಡುಗ ಕಿರಿಯರ ವಿಶ್ವಕಪ್ ಒಮ್ಮೆ ಆಡಿದರೆ ಸಾಕು, ಮುಂದಿನ ಸಲ ಆ ಜಾಗ ಇನ್ನೊಬ್ಬನಿಗೆ ಸಿಗಲಿ ಎಂಬುದು ಅವರ ನಿಲುವು. 2018ರಲ್ಲಿ ಆ ಕಪ್ ಗೆದ್ದಾಗ ತಮಗೆ 50 ಲಕ್ಷ, ಸಿಬ್ಬಂದಿಗೆ 20 ಲಕ್ಷ ಘೋಷಣೆಯಾದದ್ದನ್ನು ಒಪ್ಪದೆ ಎಲ್ಲರಿಗೂ ಸಮವಾಗಿರಲಿ ಎಂದರು. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. 2024ರ ಜೂನ್‌ನಲ್ಲಿ ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಾಗ ತರಬೇತುದಾರ ದ್ರಾವಿಡ್, ಫೈನಲ್‌ನಲ್ಲಿ 76 ರನ್ ಹೊಡೆದವನು ಕೊಹ್ಲಿ. ಹದಿಮೂರು ವರ್ಷದ ಹಿಂದೆ ಒಂದೇ ಜಾಗಕ್ಕೆ ತೂಗಿ ನೋಡಿದ್ದ ಇಬ್ಬರು.

ನಮ್ಮ ರೈತರು ಹೊಸ ತೊಗರಿ ತಳಿ ಬಂದಾಗ ಇಡೀ ಹೊಲಕ್ಕೆ ಅದನ್ನೇ ಬಿತ್ತುವುದಿಲ್ಲ. ನೆಟೆ ರೋಗ ತಡೆಯುತ್ತದೆಂದು ಗೊತ್ತಿರುವ ಬೀಜದ ಪಕ್ಕದಲ್ಲೇ ಹೊಸದಕ್ಕೆ ನಾಲ್ಕು ಸಾಲು ಬಿಟ್ಟು, ಒಂದೆರಡು ಮಳೆಗಾಲ ನೋಡುತ್ತಾರೆ. ಆ ತಾಳ್ಮೆ ನಮ್ಮ ಮಕ್ಕಳ ಪಾಲಿಗೂ ಇರಬೇಕು ಎಂಬುದು ನನ್ನ ಆಸೆ.

ಚಿಂಚೋಳಿಯ ಒಂದು ತಾಂಡಾದಿಂದ ಹುಡುಗಿಯೊಬ್ಬಳು ನಸುಕಿನ ಬಸ್ಸು ಹಿಡಿದು ಜಿಲ್ಲಾ ಮಟ್ಟದ ಆಯ್ಕೆಗೆ ಕಲಬುರಗಿಗೆ ಬರುತ್ತಾಳೆ. ಊರಿನ ಶಾಲೆಯಲ್ಲಿ ಮಣ್ಣಿನ ಅಂಗಳ ಬಿಟ್ಟು ಬೇರೆ ಕಂಡವಳಲ್ಲ. ಸಿಮೆಂಟಿನ ಅಂಕಣದಲ್ಲಿ ಚೆಂಡು ಎಷ್ಟು ಪುಟಿಯುತ್ತದೆ ಎಂದು ತಿಳಿಯುವುದರೊಳಗೆ ಅವಳ ಹತ್ತು ನಿಮಿಷ ಮುಗಿದಿರುತ್ತದೆ. ಅವತ್ತು ಅನುಭವವಿದ್ದ ಹುಡುಗಿಯನ್ನೇ ತೆಗೆದುಕೊಳ್ಳಿ, ತಪ್ಪಿಲ್ಲ, ಪಂದ್ಯ ಗೆಲ್ಲಬೇಕಲ್ಲ. ಆದರೆ ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ: ಆಯ್ಕೆಯಾಗದೇ ಹೋದವರ ಹೆಸರನ್ನೂ ಬೇರೊಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಊರು, ಶಾಲೆ, ಮನೆಯವರ ಫೋನ್ ನಂಬರ್ ಸಮೇತ. ಆಯ್ಕೆಯಾದ ಹುಡುಗಿಗೆ ಇವಳ ಪರಿಚಯ ಮಾಡಿಕೊಡಿ, ಜೊತೆಗೆ ಅಭ್ಯಾಸ ಮಾಡಲಿ. ಮುಂದಿನ ವರ್ಷ ಸುತ್ತೋಲೆ ಬಂದ ದಿನವೇ ಆ ನಂಬರಿಗೆ ಫೋನ್ ಮಾಡಿ, "ಈ ಸಲನೂ ಬಾರವ್ವ" ಎನ್ನಿ.