ದೋಷನಿವೇದನೆಯೂ ಕೀರ್ತಿಯೂ

ವ್ಯಸನದಿಂದ ಬಿಡುಗಡೆ ಹೊಂದಿದ ಪ್ರಸಿದ್ಧರು ಆ ವೃತ್ತಾಂತವನ್ನು ಲೋಕದ ಮುಂದೆ ಸಾರುವುದು ಯುಕ್ತವೇ? ಅಮೆರಿಕದ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡರ ಪತ್ನಿ ಬೆಟ್ಟಿ ಫೋರ್ಡ್ ತಾವು ಮದ್ಯಕ್ಕೂ ನೋವಿನ ಗುಳಿಗೆಗಳಿಗೂ ದಾಸರಾಗಿದ್ದುದನ್ನು 1978ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ನಾಚಿಕೆಯಿಂದ ತಮ್ಮ ದುರವಸ್ಥೆಯನ್ನು ಬಚ್ಚಿಟ್ಟುಕೊಂಡಿದ್ದ ಎಷ್ಟೋ ಮಂದಿಗೆ ಆ ಮಾತು ಧೈರ್ಯವನ್ನಿತ್ತಿತು. ಅವರು ಮಾತಿನಲ್ಲಿಯೇ ನಿಲ್ಲದೆ, 1982ರಲ್ಲಿ ಕ್ಯಾಲಿಫೋರ್ನಿಯದ ರಾಂಚೊ ಮಿರಾಜಿನಲ್ಲಿ ವ್ಯಸನಿಗಳ ಚಿಕಿತ್ಸಾಲಯವೊಂದರ ಸ್ಥಾಪನೆಗೆ ಕಾರಣರಾಗಿ, ಬಹುಕಾಲ ಅದರ ಆಡಳಿತದ ಹೊಣೆ ಹೊತ್ತರು.

ಅದೇ ದೇಶದಲ್ಲಿ 1935ರಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಕಟ್ಟಳೆಯಾದರೋ ಬೇರೆ. ಅಲ್ಲಿ ಕುಡಿತ ಬಿಡಬಯಸುವವನು ತನ್ನ ದೋಷಗಳನ್ನು ಇನ್ನೊಬ್ಬರೆದುರು ನಿವೇದಿಸಿಕೊಳ್ಳಬೇಕು. ಆದರೆ ಪತ್ರಿಕೆ, ಬಾನುಲಿ, ಚಲನಚಿತ್ರಗಳಲ್ಲಿ ತಾನು ಸದಸ್ಯನೆಂದು ಹೆಸರು ಹೇಳಿಕೊಳ್ಳಬಾರದು. ಕುಡಿತ ಹೋದರೂ ಕೀರ್ತಿಯ ಹಂಬಲ ಉಳಿದೀತೆಂಬ ಎಚ್ಚರ ಇದರಲ್ಲಿದೆ.

ಜೈನಾಚಾರದಲ್ಲಿಯೂ ದೋಷಾಲೋಚನೆ ನಡೆಯುವುದು ಗುರುಸನ್ನಿಧಿಯಲ್ಲಿ. ಆದುದರಿಂದ ಪ್ರಸಿದ್ಧರ ಮಾತನ್ನು ತೂಗಿ ನೋಡುವ ತಕ್ಕಡಿ ಒಂದೇ: ಅದು ಕೇಳಿದವನ ದುಃಖವನ್ನು ತಗ್ಗಿಸಿತೋ, ಆಡಿದವನ ಮಾನಕಷಾಯವನ್ನು ಹೆಚ್ಚಿಸಿತೋ? ಮೊದಲನೆಯದಾದರೆ ಅದು ದಯೆ. ಎರಡನೆಯದಾದರೆ ಒಂದು ಮದವನ್ನು ಬಿಟ್ಟು ಇನ್ನೊಂದನ್ನು ಹಿಡಿದಂತೆ. ತ್ಯಾಗವನ್ನು ಸಾರಿ ಹೇಳಿದವರಾಗಲಿ, ಹೇಳದೆ ಉಳಿದವರಾಗಲಿ, ಅದನ್ನು ದಿನದಿನವೂ ಪಾಲಿಸುವ ಹೊಣೆಯಿಂದ ತಪ್ಪಿಸಿಕೊಳ್ಳಲಾರರು.