ಕಟ್ಟಿಗೆಯ ಕೊಟ್ಟಿಗೆಯೂ ಟೋಬೀಯನ ಸಾಮಾನೂ

(ನೆಹೆಮೀಯ 13ನೆಯ ಅಧ್ಯಾಯ, 4ರಿಂದ 13ರ ವರೆಗೆ)



ಯೆರೂಸಲೇಮಿನ ದೇವಾಲಯಕ್ಕೆ ಸೇರಿದ ಉಗ್ರಾಣದ ಕೋಣೆಗಳಿದ್ದವು. ಜನರು ತಂದ ಧಾನ್ಯ, ದ್ರಾಕ್ಷಾರಸ, ಎಣ್ಣೆಗಳ ದಶಮಾಂಶವನ್ನು ಅವುಗಳಲ್ಲಿ ಇಡುತ್ತಿದ್ದರು. ಲೇವಿಯರೂ ಗಾಯಕರೂ ಅದರಿಂದಲೇ ಜೀವಿಸುತ್ತಿದ್ದರು. ನೆಹೆಮೀಯನು ಅರಸನಾದ ಅರ್ತಷಸ್ತನ ಬಳಿಗೆ ಹೋಗಿದ್ದಾಗ ಯಾಜಕನಾದ ಎಲ್ಯಾಷೀಬನು ತನ್ನ ನಂಟನಾದ ಟೋಬೀಯನಿಗೆ ಒಂದು ದೊಡ್ಡ ಕೋಣೆಯನ್ನು ಬಿಟ್ಟುಕೊಟ್ಟನು. ಪಾಲು ಸಿಕ್ಕದ ಲೇವಿಯರು ಹೊಟ್ಟೆಗಾಗಿ ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು.

ಈ ಅಧ್ಯಾಯವನ್ನು ನಾವು ಸೆಮಿನರಿಯಲ್ಲಿ ಓದಿ ಪರೀಕ್ಷೆಯಲ್ಲಿಯೂ ಬರೆದಿದ್ದೆವು. ಅದರ ಅರ್ಥವನ್ನು ನಮಗೆ ಕಲಿಸಿದ್ದು ದೇವಾಲಯದ ಹಿಂದಿನ ಕಟ್ಟಿಗೆಯ ಕೊಟ್ಟಿಗೆ.

ನಮ್ಮದು ಕರಾವಳಿಯ ಊರು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಳೆ ಬಿಡುವದಿಲ್ಲ. ಅನಿಲದ ಒಲೆ ಬಂದ ಮೇಲೆಯೂ ಕುಚ್ಚಿಲಕ್ಕಿಯ ಅನ್ನಕ್ಕೂ ಸ್ನಾನದ ನೀರಿಗೂ ಬಡವರ ಮನೆಯಲ್ಲಿ ಕಟ್ಟಿಗೆಯೇ ಬೇಕು. ಆದದರಿಂದ ಸಭೆಯ ಯೌವನಸ್ಥರು ವಿಧವೆಯರಿಗೂ ವೃದ್ಧರಿಗೂ ಒಣಕಟ್ಟಿಗೆ ಕೂಡಿಡಲು ಒಂದು ಕೊಟ್ಟಿಗೆ ಕಟ್ಟಿದರು. ಮುರಕಲ್ಲಿನಿಂದ ನೆಲವನ್ನು ಒಂದೂವರೆ ಅಡಿ ಎತ್ತರಿಸಿದರು. ಕಂಬಗಳು ಮಣ್ಣನ್ನು ಮುಟ್ಟಿದರೆ ಗೆದ್ದಲು ಹತ್ತುವದೆಂದು ಅವುಗಳನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ಗಾಳಿಮಳೆ ಹೊಡೆಯುವ ಪಡುವಣ ಕಡೆಯನ್ನು ಪೂರಾ ಮುಚ್ಚಿ, ಉಳಿದ ಕಡೆಗಳಲ್ಲಿ ಅಡಿಕೆಮರದ ಸಲಿಕೆಗಳನ್ನು ಬೆರಳು ಹೋಗುವಷ್ಟು ಸಂದು ಬಿಟ್ಟು ಹೊಡೆದರು. ಯಾಕಂದರೆ ಗಾಳಿಯಾಡದ ಕಟ್ಟಿಗೆ ಮಾಡಿನ ಕೆಳಗಿದ್ದರೂ ಬೂಸರು ಹಿಡಿಯುವದು. ಹಂಚುಗಳು ಬಿದ್ದುಹೋದ ಒಂದು ಹಳೇ ಮನೆಯವು. (1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರು ಆರಂಭಿಸಿದ ಕೈಗಾರಿಕೆಯ ಉಪಕಾರ ನಮ್ಮ ಮಾಡುಗಳ ಮೇಲೆ ಇನ್ನೂ ಇದೆ.) ಪಕ್ಕಾಸುಗಳಿಗೆ ಮರವನ್ನು ಸಭೆಯ ಹಿರಿಯರೊಬ್ಬರು ಧರ್ಮಾರ್ಥವಾಗಿ ಕೊಟ್ಟರು. ಬೀಗದ ಕೈ ನಮ್ಮ ವಶದಲ್ಲಿ ಉಳಿಯಿತು.

ಮಾರನೆಯ ವರುಷ ಮೇ ತಿಂಗಳಲ್ಲಿ ಆ ಹಿರಿಯರು ಬಂದು, ಹದಿನೈದು ದಿವಸ ತಮ್ಮ ಅಡಿಕೆ ಮೂಟೆಗಳನ್ನು ಅಲ್ಲಿಡಬಹುದೋ ಎಂದು ಕೇಳಿದರು. ಮರ ಕೊಟ್ಟವರಿಗೆ ಇಲ್ಲವೆನ್ನಲು ನಮಗೆ ಬಾಯಿ ಬರಲಿಲ್ಲ. ಕಟ್ಟಿಗೆಯನ್ನು ಹೊರಗೆ ತಾಡಪಾಲಿನ ಕೆಳಗೆ ಹಾಕಿಸಿದೆವು. ಮಳೆ ಹಿಡಿಯಿತು; ಆಟಿ ತಿಂಗಳು ಬಂದರೂ ಮೂಟೆಗಳು ಅಲ್ಲಿಯೇ ಇದ್ದವು. ಯೌವನಸ್ಥರು ಒಬ್ಬೊಬ್ಬರಾಗಿ ಪ್ರಾರ್ಥನಾಕೂಟ ಬಿಟ್ಟರು. ನಾವೋ ಅವರ ಅಸಡ್ಡೆಯನ್ನು ಕುರಿತು ಒಂದು ಪ್ರಸಂಗವನ್ನೇ ಮಾಡಿದೆವು. ಓಡಿಹೋದ ಲೇವಿಯರನ್ನು ಎಲ್ಯಾಷೀಬನೂ ಹೀಗೆಯೇ ಗದರಿಸಿದನೋ ಏನೋ!

ಆ ದಿವಸಗಳಲ್ಲಿ ಒಬ್ಬ ವಿಧವೆಯ ಮನೆಗೆ ಪ್ರಾರ್ಥನೆಗಾಗಿ ಹೋದೆವು. ಆಕೆ ಸೆರಗಿನಿಂದ ಕಣ್ಣೊರೆಸುತ್ತಾ ಹೊರಗೆ ಬಂದು, “ಉಪದೇಶಿಗಳೇ, ಒಳಗೆ ಹೊಗೆ ತುಂಬಿದೆ, ಜಗಲಿಯಲ್ಲೇ ಪ್ರಾರ್ಥನೆ ಮಾಡಿರಿ” ಅಂದಳು. ದೂರಿನ ಮಾತು ಒಂದೂ ಇಲ್ಲ. ನಾವು ಪ್ರಾರ್ಥಿಸಿದೆವು, ಆದರೆ ಏನು ಪ್ರಾರ್ಥಿಸಿದೆವೆಂದು ಈಗ ನೆನಪಿಲ್ಲ.

ನೆಹೆಮೀಯನು ತಿರಿಗಿ ಬಂದು ಟೋಬೀಯನ ಸಾಮಾನನ್ನೆಲ್ಲಾ ಹೊರಗೆ ಎಸೆದನು. ನಮಗೆ ಅಷ್ಟು ಧೈರ್ಯವೂ ಇರಲಿಲ್ಲ, ಕೋಪಿಸಿಕೊಳ್ಳುವ ಹಕ್ಕೂ ಇರಲಿಲ್ಲ. ಯಾಕಂದರೆ ಬಾಗಲು ತೆರೆದವರು ನಾವೇ. ಆ ಭಾನುವಾರ ಸಭೆಯ ಮುಂದೆ ತಪ್ಪನ್ನು ಒಪ್ಪಿಕೊಂಡೆವು. ಸೋಮವಾರ ಮೂಟೆಗಳನ್ನು ಹೊರಲು ಆರು ಮಂದಿ ಯೌವನಸ್ಥರು ಕರೆಯದೆ ಬಂದರು. ಹಿರಿಯರು ಬೇಸರಪಟ್ಟು ಎರಡು ಭಾನುವಾರ ಆರಾಧನೆಗೆ ಬರಲಿಲ್ಲ; ಮೂರನೆಯದಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ನಿಮ್ಮ ಸಭೆಯಲ್ಲಿ ಅದು ಕಟ್ಟಿಗೆಯಲ್ಲದೆ ಭತ್ತವಾಗಿರಬಹುದು, ಬೈಹುಲ್ಲಾಗಿರಬಹುದು. ಕಟ್ಟುವ ದಿವಸ ಎಲ್ಲರೂ ಕೂಡುತ್ತಾರೆ. ಇಟ್ಟದ್ದು ಯಾರ ಪಾಲೆಂದು ಮಳೆಗಾಲದಲ್ಲಿ ಕೇಳುವವರು ಯಾರು? ನೆಹೆಮೀಯನು ಉಗ್ರಾಣವನ್ನು ಒಬ್ಬನ ಕೈಗೆ ಬಿಡದೆ ಒಬ್ಬ ಯಾಜಕ, ಒಬ್ಬ ಲೇಖಕ, ಒಬ್ಬ ಲೇವಿ, ಅವರಿಗೆ ಸಹಾಯಕನಾಗಿ ಹಾನಾನ, ಹೀಗೆ ನಂಬಿಗಸ್ತರೆನಿಸಿದ ನಾಲ್ವರಿಗೆ ಒಪ್ಪಿಸಿದನು. ನಮ್ಮಲ್ಲಿ ಈಗ ಬೀಗದ ಕೈ ಇಬ್ಬರು ಯೌವನಸ್ಥರ ಮತ್ತು ಆ ವಿಧವೆಯ ಕೈಯಲ್ಲಿದೆ. ಏಳು ಹಂಚುಗಳು ಒಡೆದಿವೆ. ಮಳೆಗೆ ಮುಂಚೆ ಬದಲಾಯಿಸಬೇಕು. ಬರತಕ್ಕವರು ಶನಿವಾರ ಬೆಳಿಗ್ಗೆ ದೇವಾಲಯದ ಹಿಂದೆ ಕೂಡಲಿ.