ಆಡಿದವನಿಗೆ ಕೊಟ್ಟರೆ ಆಟ ಕೆಡುತ್ತದೆಯೇ?

ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಲು ದಾರಿಮಾಡುವ ಒಪ್ಪಂದಕ್ಕೆ 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಅಂದಿನಿಂದ ‘ದುಡ್ಡು ಬಂತು, ಆಟ ಹೋಯಿತು’ ಎಂಬ ಕೊರಗು ಕೇಳುತ್ತಲೇ ಇದ್ದೇನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ದುಡ್ಡು ಯಾವತ್ತು ಇರಲಿಲ್ಲ? ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತರಬೇತುದಾರ ನಿಕ್ ಸಬಾನ್ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಮಿಕ್ಕಿ ಪಡೆಯುತ್ತಿದ್ದಾಗ ಯಾರ ಪಾವಿತ್ರ್ಯವೂ ಕೆಡಲಿಲ್ಲ. ಆಡುವವನ ಪಾಲಿಗೆ ಮಾತ್ರ ಅದು ಇರಲಿಲ್ಲ. 1955ರಲ್ಲಿ ರೇ ಡೆನಿಸನ್ ಕೊಲರಾಡೊದ ಕಾಲೇಜೊಂದರ ಪರವಾಗಿ ಫುಟ್‌ಬಾಲ್ ಆಡುತ್ತಾ ತಲೆಗೆ ಪೆಟ್ಟು ಬಿದ್ದು ಸತ್ತ. ಅವನ ಹೆಂಡತಿ ಕೇಳಿದ ಪರಿಹಾರವನ್ನು ರಾಜ್ಯದ ಸುಪ್ರೀಂ ಕೋರ್ಟ್ ನಿರಾಕರಿಸಿತು. ಕೋರ್ಟಿನ ಕಣ್ಣಲ್ಲಿ ಅವನು ಕಾಲೇಜಿನ ನೌಕರನಲ್ಲ.

ಗ್ರೀಕರ ಆದರ್ಶ, ಇಂಗ್ಲಿಷ್ ಸಿರಿವಂತರ ಹವ್ಯಾಸಿ ಕ್ರೀಡೆ, ಗೀತೆಯ ಫಲತ್ಯಾಗ ಈ ಚರ್ಚೆಯಲ್ಲಿ ವಾಡಿಕೆಯಂತೆ ಬಂದುಹೋಗುತ್ತವೆ. ನಿಜವಾಗಿ ಸೆಣಸಬೇಕಾದ್ದು ತತ್ವಜ್ಞಾನಿ ಅಲಾಸ್ಡೇರ್ ಮ್ಯಾಕಿಂಟೈರ್ ಜೊತೆ. 1981ರ ‘ಆಫ್ಟರ್ ವರ್ಚ್ಯೂ’ ಪುಸ್ತಕದಲ್ಲಿ ಅವರು, ಚೆಸ್ ಬೇಡವೆನ್ನುವ ಮಗುವಿಗೆ ಮಿಠಾಯಿಯ ಆಸೆ ತೋರಿಸಿ ಆಡಿಸುವ ಉದಾಹರಣೆ ಕೊಡುತ್ತಾರೆ. ಮಿಠಾಯಿಯೊಂದೇ ಗುರಿಯಾಗಿರುವ ತನಕ, ಸಿಕ್ಕಿಬೀಳುವ ಭಯವಿಲ್ಲದಿದ್ದರೆ, ಮೋಸ ಮಾಡದಿರಲು ಮಗುವಿಗೆ ಕಾರಣವೇ ಇಲ್ಲ. ಆಟದೊಳಗಿನ ಸುಖ ಗೊತ್ತಾದ ಮೇಲೆ ಮೋಸ ಮಾಡಿದರೆ ಅದರ ನಷ್ಟ ತನಗೇ. ಹಣದ ವಿರುದ್ಧ ಇದಕ್ಕಿಂತ ಗಟ್ಟಿ ವಾದ ನಾನು ಓದಿಲ್ಲ.

ಆದರೆ ಆ ಮಗುವನ್ನು ಮಣೆಯ ಮುಂದೆ ಕೂರಿಸಿದ್ದೇ ಮಿಠಾಯಿ! ಹೈಸ್ಕೂಲಿನಲ್ಲಿ ನಾನು ಬೆಳಗಿನ ಓಟಕ್ಕೆ ಹೋಗುತ್ತಿದ್ದದ್ದು ಪಿ.ಟಿ. ಮೇಷ್ಟ್ರು ಓಡಿದವರಿಗೆ ಕೊಡಿಸುತ್ತಿದ್ದ ಬೇಯಿಸಿದ ಮೊಟ್ಟೆ, ಬಾಳೆಹಣ್ಣಿನ ಆಸೆಗೆ. ಮುಂದೆ ಮೊಟ್ಟೆ ನಿಂತುಹೋಯಿತು. ಅಷ್ಟರಲ್ಲಿ ನನಗೆ ಕೊನೆಯ ಸುತ್ತಿನ ರುಚಿ ಹತ್ತಿತ್ತು. ಮ್ಯಾಕಿಂಟೈರ್ ಕೂಡ ದೂರುವುದು ಮಗುವನ್ನಲ್ಲ. ಹಣ, ಅಧಿಕಾರ, ಅಂತಸ್ತುಗಳನ್ನು ಕೂಡಿಹಾಕುವ ಸಂಸ್ಥೆಗಳ ದುರಾಸೆಯಿಂದ ಆಟಕ್ಕೆ ಸದಾ ಅಪಾಯವಿದೆ ಎನ್ನುತ್ತಾರೆ. ಫುಟ್‌ಬಾಲಿಗೆ ಹೆಸರಾದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದವರು ಅವರು.

ಅಮೆರಿಕದಲ್ಲಿ ಓದುವಾಗ ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ತರಗತಿಯಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ಮಂಡಿಗೆ ಐಸ್ ಚೀಲ ಕಟ್ಟಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದ. ಐಸ್ ಕರಗಿ ನೆಲಕ್ಕೆ ತೊಟ್ಟಿಕ್ಕುವ ಹೊತ್ತಿಗೆ ಅವನಿಗೆ ನಿದ್ದೆ. ಸಿವಿಲ್ ಎಂಜಿನಿಯರಿಂಗ್ ಓದುವ ಆಸೆಯಿತ್ತು. ಲ್ಯಾಬಿನ ವೇಳೆಯೂ ಅಭ್ಯಾಸದ ವೇಳೆಯೂ ಒಂದೇ ಆದ್ದರಿಂದ ಅದನ್ನು ಬಿಟ್ಟಿದ್ದ. ಕಾಲೇಜು ಫುಟ್‌ಬಾಲಿನಿಂದ ವೃತ್ತಿಪರ ಲೀಗಿಗೆ ಹೋಗುವವರು ನೂರಕ್ಕೆ ಇಬ್ಬರೂ ಇಲ್ಲ. ‘ಓದೇ ಅವರ ಸಂಬಳ’ ಎನ್ನುವವರು ಆ ಸಂಬಳದಲ್ಲಿ ಎಷ್ಟು ಮುರಿದುಕೊಂಡು ಕೊಡುತ್ತಿದ್ದರು ಎಂಬುದನ್ನೂ ಹೇಳಬೇಕು.

ಹಾಗಾದರೆ ಕೈಗೆ ಹಣ ಕೊಟ್ಟಿದ್ದರೆ ಅವನಿಗೆ ಲ್ಯಾಬ್ ಸಿಗುತ್ತಿತ್ತೇ? ಇಲ್ಲ. ಹಣ ಕೊಟ್ಟವರು ಅವನ ಇನ್ನಷ್ಟು ವೇಳೆ ಕೇಳುತ್ತಿದ್ದರು. ಈಗ ಹೆಚ್ಚು ಕೊಡುವ ಕಡೆಗೆ ವರ್ಷ ವರ್ಷ ಕಾಲೇಜು ಬದಲಿಸುವ ಹುಡುಗರಿದ್ದಾರೆ; ಓದು ಅಲ್ಲಿಷ್ಟು ಇಲ್ಲಿಷ್ಟು ಆಗುತ್ತದೆ. ಎದುರಾಳಿಯ ಇಷ್ಟು ಮಾತನ್ನು ಒಪ್ಪಲೇಬೇಕು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಗಿದೆ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ ಡಿಸ್ಕಸ್ ಎಸೆದು 2006ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದವರು. ಡಿಸ್ಕಸ್ ನೋಡಲು ಟಿಕೆಟ್ ಕೊಳ್ಳುವ ಜನ ಎಲ್ಲಿದ್ದಾರೆ? ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇಂಥ ಆಟಗಳನ್ನು ಬಹುಪಾಲು ಸಾಕಿದ್ದು ಫುಟ್‌ಬಾಲಿನ ಗಳಿಕೆ. ಹೊಸ ಒಪ್ಪಂದದಂತೆ ಒಂದೊಂದು ವಿಶ್ವವಿದ್ಯಾಲಯ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಅದರ ಬಹುಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರಿಗೇ. ಎಂದರೆ ನಾನು ಅನ್ಯಾಯ ಎನ್ನುತ್ತಿದ್ದ ವ್ಯವಸ್ಥೆಯೇ, ಯಾವ ಮಿಠಾಯಿಯೂ ಇಲ್ಲದೆ ಆಡುವವರನ್ನು ಅಷ್ಟು ವರ್ಷ ಕಾಪಾಡಿತ್ತು. ಮಂಡಿ ಮುರಿಸಿಕೊಂಡವನ ದುಡಿಮೆಯ ಪಾಲು ಅವನದು ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ತರಬೇತುದಾರರ ಸಂಬಳದಲ್ಲಿ ಕಡಿತ ಮಾಡಿ ಡಿಸ್ಕಸ್ ಉಳಿಸಿ ಎನ್ನಬಹುದು. ಯಾರು ಒಪ್ಪುತ್ತಾರೆ? ಅವರು ಒಪ್ಪದೆ ಅಥ್ಲೆಟಿಕ್ಸ್ ತಂಡವನ್ನೇ ಮುಚ್ಚಿದರೆ, ಅಲ್ಲಿ ಡಿಸ್ಕಸ್ ಎಸೆಯಲು ಬಂದ ಹುಡುಗಿಗೆ ನ್ಯಾಯದ ಬಗ್ಗೆ ನಾನು ಏನು ಹೇಳಲಿ?